ಗುಳಿಗೆಗಿಂತ ದಾರಿ ಖರ್ಚೇ ಹೆಚ್ಚು

ರಬಕವಿ-ಬನಹಟ್ಟಿಯ ಪಾವರ್‌ಲೂಮ್ ಶೆಡ್ಡುಗಳಲ್ಲಿ ಒಂದು ದಿನ ಮಗ್ಗ ನಿಂತರೆ ಆ ದಿನದ ಕೂಲಿ ಇಲ್ಲ. ಮುಧೋಳ, ಜಮಖಂಡಿ ಕಡೆಯ ಕಬ್ಬು ಕಟಾವಿನ ಗ್ಯಾಂಗುಗಳ ಪಾಡೂ ಅಷ್ಟೇ. ಕಾರ್ಖಾನೆಯ ಹಂಗಾಮು ಮುಗಿಯಿತೆಂದರೆ ಕೈ ಖಾಲಿ. ಇಂಥ ದುಡಿಮೆಯಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ಹಾರ್ಮೋನ್ ಚಿಕಿತ್ಸೆ ಬೇಕೆನಿಸಿದಾಗ ಮೊದಲು ಬಾಯಿಗೆ ಬರುವ ಪ್ರಶ್ನೆ ‘ಗುಳಿಗೆಗೆ ಎಷ್ಟಾಗತ್ತೆ?’ ಎಂಬುದು. ಅದಕ್ಕೂ ಮೊದಲು ಹಾಕಬೇಕಾದ ಲೆಕ್ಕ ಇನ್ನೊಂದಿದೆ: ಡಾಕ್ಟರನ್ನು ಕಾಣಲು, ರಕ್ತ ತಪಾಸಣೆ ಮಾಡಿಸಲು, ಇಂಜೆಕ್ಷನ್ ಹಾಕಿಸಿಕೊಳ್ಳಲು ವರ್ಷಕ್ಕೆ ಎಷ್ಟು ದಿನದ ಕೂಲಿ ಕೈಬಿಡುತ್ತದೆ?

ಈ ಚಿಕಿತ್ಸೆಯಲ್ಲಿ ಬಳಸುವ ಔಷಧಗಳು ಹೊಸವಲ್ಲ. ಹೆಣ್ಣಿನ ಲಕ್ಷಣ ಬಯಸುವವರಿಗೆ ಕೊಡುವ ಎಸ್ಟ್ರಡಯಾಲ್ ಮುಟ್ಟು ನಿಂತ ಹೆಂಗಸರಿಗೆ ದಶಕಗಳಿಂದ ಬರೆಯುತ್ತಿರುವ ಗುಳಿಗೆ. ಗಂಡು ಹಾರ್ಮೋನನ್ನು ತಗ್ಗಿಸಲು ಅದರ ಜೊತೆ ಕೊಡುವ ಸ್ಪಿರೊನೊಲ್ಯಾಕ್ಟೋನ್ ಹೃದಯ, ರಕ್ತದೊತ್ತಡದ ರೋಗಿಗಳ ಹಳೆಯ ಔಷಧ. ಗಂಡಿನ ಲಕ್ಷಣ ಬಯಸುವವರಿಗೆ ಟೆಸ್ಟೊಸ್ಟಿರಾನ್ ಇಂಜೆಕ್ಷನ್. ಪೇಟೆಂಟ್ ಕಾಲ ಎಂದೋ ಮುಗಿದಿರುವುದರಿಂದ ಒಂದೇ ಔಷಧವನ್ನು ಹಲವು ಕಂಪನಿಗಳು ತಯಾರಿಸುತ್ತವೆ, ದರದಲ್ಲಿ ವ್ಯತ್ಯಾಸವೂ ಇರುತ್ತದೆ. ಹಾಗಾಗಿ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಬೇಕು. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಆ ಹೆಸರು ಹಾಕಿ ನೋಡಿದರೆ ಜನೌಷಧಿ ಕೇಂದ್ರದ ಪಟ್ಟಿಯಲ್ಲಿ ಅದು ಇದೆಯೇ, ದರವೆಷ್ಟು, ಹತ್ತಿರದ ಕೇಂದ್ರ ಎಲ್ಲಿ ಎಂಬುದು ಗೊತ್ತಾಗುತ್ತದೆ.

ತಿಂಗಳ ಖರ್ಚಿನ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ಎಸ್ಟ್ರಡಯಾಲ್ ಗುಳಿಗೆಯ ಸಾಮಾನ್ಯ ಪ್ರಮಾಣ ದಿನಕ್ಕೆ 2ರಿಂದ 6 ಮಿಲಿಗ್ರಾಂ. ಎಷ್ಟೆಂದು ನಿರ್ಧರಿಸುವವರು ವೈದ್ಯರು. ದಿನಕ್ಕೆ 4 ಮಿಲಿಗ್ರಾಂ ಬರೆದರೆ 2 ಮಿಲಿಗ್ರಾಂನ 60 ಗುಳಿಗೆ ತಿಂಗಳಿಗೆ ಸಾಕು. ಸ್ಟ್ರಿಪ್ಪಿನ ಮೇಲಿನ ದರವನ್ನು ಒಂದು ಗುಳಿಗೆಗೆ ಇಳಿಸಿ, 60ರಿಂದ ಗುಣಿಸಿದರೆ ಮುಗಿಯಿತು. ಹೆಚ್ಚು ನುಂಗಿದರೆ ಬೇಗ ಬದಲಾವಣೆ ಬರುತ್ತದೆ ಎಂಬ ನಂಬಿಕೆ ಸಮುದಾಯದಲ್ಲಿ ಗಟ್ಟಿಯಾಗಿದೆ, ಅದು ಸುಳ್ಳು. ಸ್ತನದ ಬೆಳವಣಿಗೆ 3ರಿಂದ 6 ತಿಂಗಳಲ್ಲಿ ಶುರುವಾಗಿ 2–3 ವರ್ಷ ತೆಗೆದುಕೊಳ್ಳುತ್ತದೆ. ಹದಿಹರೆಯದ ಹುಡುಗಿಯ ದೇಹವೂ ವರ್ಷಗಳ ಲೆಕ್ಕದಲ್ಲೇ ಬೆಳೆಯುವುದು. ಎರಡು ಪಟ್ಟು ಗುಳಿಗೆ ನುಂಗಿದವರಿಗೆ ಎರಡು ಪಟ್ಟು ಖರ್ಚು, ಜೊತೆಗೆ ರಕ್ತ ಹೆಪ್ಪುಗಟ್ಟುವ ಅಪಾಯ ಸಿಗುತ್ತದೆ, ವರ್ಷ ಕಡಿಮೆಯಾಗುವುದಿಲ್ಲ. ಗಂಡುದನಿಯಂತೂ ಎಸ್ಟ್ರೊಜೆನ್‌ನಿಂದ ಬದಲಾಗುವುದೇ ಇಲ್ಲ.

ದುಡ್ಡಿಲ್ಲದವರು ಸುಲಭಕ್ಕೆ ಹೋಗಿ ಸಿಕ್ಕಿಬೀಳುವ ಜಾಗ ಇನ್ನೊಂದಿದೆ. ಗರ್ಭನಿರೋಧಕ ಗುಳಿಗೆ ಮಾಲಾ-ಎನ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ಮಾಲಾ-ಡಿ ಅಂಗಡಿಯಲ್ಲಿ ಅಗ್ಗ. ‘ಹೆಂಗಸರ ಗುಳಿಗೆ’ ಎಂದು ಗೆಳತಿಯರು ಹೇಳಿದ್ದನ್ನು ನಂಬಿ ದಿನಕ್ಕೆ ನಾಲ್ಕು, ಐದು ನುಂಗುವವರಿದ್ದಾರೆ. ಆ ಪೊಟ್ಟಣದ 28 ಗುಳಿಗೆಗಳಲ್ಲಿ 21ರಲ್ಲಿ ಮಾತ್ರ ಹಾರ್ಮೋನ್ ಇದೆ; ಉಳಿದ 7 ಕಬ್ಬಿಣಾಂಶದ ಗುಳಿಗೆಗಳು. ಹಾರ್ಮೋನ್ ಇರುವ ಗುಳಿಗೆಯಲ್ಲೂ ಇರುವುದು ಎಸ್ಟ್ರಡಯಾಲ್ ಅಲ್ಲ, ಎಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ರೂಪ. ಯಕೃತ್ತಿನ ಮೇಲೆ ಇದರ ಪ್ರಭಾವ ಜೋರು, ರಕ್ತ ಹೆಪ್ಪುಗಟ್ಟಿಸುವ ಗುಣವೂ ಜಾಸ್ತಿ. ಆ್ಯಮ್‌ಸ್ಟರ್‌ಡ್ಯಾಮ್‌ನ ಚಿಕಿತ್ಸಾಲಯದಲ್ಲಿ ಹಾರ್ಮೋನ್ ಪಡೆದವರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎಥಿನೈಲ್ ಎಸ್ಟ್ರಡಯಾಲ್ ತೆಗೆದುಕೊಳ್ಳುತ್ತಿದ್ದ ಟ್ರಾನ್ಸ್ ಮಹಿಳೆಯರಲ್ಲಿ ಹೃದಯ, ರಕ್ತನಾಳ ಸಂಬಂಧಿ ಸಾವಿನ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿದ್ದನ್ನು ಕಂಡಿತ್ತು. ಟ್ರಾನ್ಸ್‌ಜೆಂಡರ್ ಆರೋಗ್ಯದ ಜಾಗತಿಕ ವೃತ್ತಿಪರ ಸಂಘಟನೆ ‘ಡಬ್ಲ್ಯುಪಾತ್’ 2022ರ ತನ್ನ ಎಂಟನೇ ಮಾರ್ಗಸೂಚಿಯಲ್ಲಿ ಈ ರೂಪವನ್ನು ಬಳಸಬಾರದೆಂದೇ ಹೇಳಿದೆ. ಬೀಡಿ ಸೇದುವವರಿಗೆ ಅಪಾಯ ಇನ್ನೂ ಒಂದು ಕೈ ಮೇಲು.

ಬಸುರಿಯರಿಗೆ ಗರ್ಭ ಉಳಿಸಲು ಕೊಡುವ ಪ್ರೊಜೆಸ್ಟಿರಾನ್ ಇಂಜೆಕ್ಷನ್ನಿಗೂ ಸಮುದಾಯದಲ್ಲಿ ಗಿರಾಕಿಗಳಿದ್ದಾರೆ. ಚಿಕಿತ್ಸೆಗೆ ಅದು ಅಗತ್ಯವಿಲ್ಲ. ಆ ದುಡ್ಡು ಉಳಿಯಲಿ.

ಹಾಗಾದರೆ ಯಾರ ಹತ್ತಿರ ಹೋಗಬೇಕು? ಹಾರ್ಮೋನ್ ತಜ್ಞರನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕೆಂದು ಹಲವರು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಎಂಡೋಕ್ರೈನಾಲಜಿಸ್ಟ್ ಸಿಕ್ಕರೆ ಒಳ್ಳೆಯದು, ನಿಜ. ಆದರೆ ಮಾರ್ಗಸೂಚಿ ಓದಿಕೊಂಡ ಎಂ.ಡಿ. ಮೆಡಿಸಿನ್ ವೈದ್ಯರೂ ಈ ಚಿಕಿತ್ಸೆ ಶುರು ಮಾಡಬಲ್ಲರು, ಮುಂದುವರಿಸಬಲ್ಲರು. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿ.ವಿ.ವಿ. ಸಂಘದ ವೈದ್ಯಕೀಯ ಕಾಲೇಜಿಗೆ ಸೇರಿದ ಕುಮಾರೇಶ್ವರ ಆಸ್ಪತ್ರೆ ಇದೆ. ಅಲ್ಲಿಂದ ಮುಂದೆ ವಿಜಯಪುರ, ಬೆಳಗಾವಿಗಳ ವೈದ್ಯಕೀಯ ಕಾಲೇಜುಗಳು, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ. ಹೊರಡುವ ಮೊದಲು ಫೋನ್ ಮಾಡಿ, ಮೆಡಿಸಿನ್ ವಿಭಾಗದಲ್ಲಿ ಈ ಚಿಕಿತ್ಸೆ ನೋಡುವವರು ಯಾರು, ಯಾವ ವಾರ ಕೂರುತ್ತಾರೆ ಎಂದು ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿದಂತೆ.

ಈ ಭಾಗದ ಜನಕ್ಕೆ ದೊಡ್ಡ ದವಾಖಾನೆ ಎಂದರೆ ಹಿಂದಿನಿಂದಲೂ ಮಹಾರಾಷ್ಟ್ರದ ಮಿರಜ್. ಆ ಕಡೆ ಹೋಗುವವರು ಬಸ್ಸಿನ ಲೆಕ್ಕವನ್ನೂ ನೋಡಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಮಹಿಳೆಯರಿಗಷ್ಟೇ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಜಮಖಂಡಿಯಿಂದ ಬಾಗಲಕೋಟೆಗೋ ಹುಬ್ಬಳ್ಳಿಗೋ ಪುಕ್ಕಟೆ ಹೋಗಿ ಬರಬಹುದು; ರಾಜ್ಯದ ಗಡಿ ದಾಟುವ ಪ್ರಯಾಣಕ್ಕೆ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಈ ಸೌಲಭ್ಯ ಇಲ್ಲ. ಹಾಗಾಗಿ ಬಡವರ ಲೆಕ್ಕದಲ್ಲಿ ಮಿರಜ್‌ಗಿಂತ ಹುಬ್ಬಳ್ಳಿಯೇ ಹತ್ತಿರ.

ಚಿಕಿತ್ಸೆ ಶುರು ಮಾಡುವ ಮುನ್ನ ಹಲವು ವೈದ್ಯರು ಮನೋವೈದ್ಯರ ಪತ್ರ ಕೇಳುತ್ತಾರೆ. ಇದಕ್ಕೆ ಖಾಸಗಿಯಲ್ಲಿ ದುಡ್ಡು ಸುರಿಯಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಸರ್ಕಾರಿ ವ್ಯವಸ್ಥೆಯಲ್ಲೇ ಇದ್ದಾರೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ಏರ್ಪಾಡು ರಾಜ್ಯದಲ್ಲಿದೆ. ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಮನಸ್ಸು ಹಗುರ ಮಾಡಿಕೊಳ್ಳಲಷ್ಟೇ ಬೇಕಿದ್ದರೆ ಟೆಲಿಮನಸ್ ಸಹಾಯವಾಣಿ 14416 ಇದೆ; ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮನೋವೈದ್ಯರ ಪತ್ರ ಎಂದ ಕೂಡಲೇ ‘ನನಗೇನು ಹುಚ್ಚೇ?’ ಎಂದು ಸಿಟ್ಟಾಗುವವರಿದ್ದಾರೆ. ಸಿಟ್ಟು ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ರೋಗಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ, 2022ರಿಂದ ಜಾರಿಗೆ ಬಂದಂತೆ, ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ.

ಇನ್ನು ರಕ್ತ ತಪಾಸಣೆ. ಜೇಬಿಗೆ ಗುಳಿಗೆಗಿಂತ ಹೆಚ್ಚು ಭಾರ ಬೀಳುವುದು ಇಲ್ಲಿ. ಮೊದಲ ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ತಪಾಸಣೆ ಸಾಕು. ಎಲ್ಲವನ್ನೂ ಖಾಸಗಿ ಲ್ಯಾಬಿನಲ್ಲಿ ‘ಪ್ಯಾಕೇಜ್’ ಎಂದು ಮಾಡಿಸುವ ಬದಲು ಎರಡು ಪಾಲು ಮಾಡಬೇಕು. ಹಿಮೋಗ್ಲೋಬಿನ್, ಸಕ್ಕರೆ, ಮೂತ್ರಪಿಂಡ, ಯಕೃತ್ತಿನ ಪರೀಕ್ಷೆಗಳಲ್ಲಿ ಆಗುವಷ್ಟನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮುಗಿಸಿ, ಹಾರ್ಮೋನ್ ಮಟ್ಟದ ಪರೀಕ್ಷೆಯನ್ನಷ್ಟೇ ಹೊರಗೆ ಮಾಡಿಸುವುದು. ಕೈ ಬಿಗಿಯಿದ್ದಾಗ ಯಾವುದನ್ನು ಮುಂದೂಡಬಹುದು ಎಂದು ವೈದ್ಯರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಎರಡನ್ನು ಬಿಡುವಂತಿಲ್ಲ. ಸ್ಪಿರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಪೊಟ್ಯಾಸಿಯಂ ನೋಡಿಸಲೇಬೇಕು. ಅದು ಏರಿದರೆ ಹೃದಯದ ಬಡಿತ ಹದ ತಪ್ಪುತ್ತದೆ. ಈ ಗುಳಿಗೆ ಮೂತ್ರ ಹೆಚ್ಚಿಸುವಂಥದ್ದು ಕೂಡ. ಮುಧೋಳದ ಬೇಸಿಗೆಯಲ್ಲಿ ಗದ್ದೆಯಲ್ಲಿ ದುಡಿಯುವವರಿಗೆ ನಿರ್ಜಲೀಕರಣ, ತಲೆ ಸುತ್ತುವುದು ಬೇಗ ಆಗುತ್ತದೆ, ಆಗ ಎಳನೀರನ್ನು ಮೇಲಿಂದ ಮೇಲೆ ಕುಡಿದರೆ ಅದರಲ್ಲಿರುವ ಪೊಟ್ಯಾಸಿಯಂ ಮತ್ತೊಂದು ತೊಡಕು. ಟೆಸ್ಟೊಸ್ಟಿರಾನ್ ತೆಗೆದುಕೊಳ್ಳುವವರು ಹಿಮೋಗ್ಲೋಬಿನ್, ಹಿಮಟೊಕ್ರಿಟ್ ನೋಡಿಸಬೇಕು. ರಕ್ತ ಅತಿಯಾಗಿ ಗಟ್ಟಿಯಾದರೆ ಅಪಾಯ.

ತಪ್ಪು ದಿನ ರಕ್ತ ಕೊಟ್ಟು ದುಡ್ಡು ಕಳೆದುಕೊಳ್ಳುವವರೂ ಇದ್ದಾರೆ. ಟೆಸ್ಟೊಸ್ಟಿರಾನ್ ಎನಾಂಥೇಟ್ ಇಂಜೆಕ್ಷನ್ ಪಡೆಯುವವರು ಎರಡು ಇಂಜೆಕ್ಷನ್‌ಗಳ ಸರಿಮಧ್ಯದ ದಿನ, ಅನ್‌ಡೆಕನೋಯೇಟ್ ಪಡೆಯುವವರು ಮುಂದಿನ ಇಂಜೆಕ್ಷನ್ನಿಗೆ ಸ್ವಲ್ಪ ಮೊದಲು ರಕ್ತ ಕೊಡಬೇಕು. ಇಂಜೆಕ್ಷನ್ ಹಾಕಿಸಿಕೊಂಡ ಮರುದಿನ ಕೊಟ್ಟರೆ ಬರುವ ಅಂಕಿಯಿಂದ ವೈದ್ಯರಿಗೆ ಏನೂ ತಿಳಿಯದು, ಮತ್ತೆ ಬರೆಯುತ್ತಾರೆ.

ಈ ಎರಡು ಇಂಜೆಕ್ಷನ್‌ಗಳ ನಡುವಿನ ಆಯ್ಕೆಯೇ ಟ್ರಾನ್ಸ್ ಪುರುಷರ ಖರ್ಚನ್ನು ನಿರ್ಧರಿಸುತ್ತದೆ. ಎನಾಂಥೇಟ್ 250 ಮಿಲಿಗ್ರಾಂ ಒಂದಕ್ಕೆ ಕಡಿಮೆ ಬೆಲೆ, ಆದರೆ 2ರಿಂದ 4 ವಾರಕ್ಕೊಮ್ಮೆ ಬೇಕು; ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17. ಅನ್‌ಡೆಕನೋಯೇಟ್ 1000 ಮಿಲಿಗ್ರಾಂ ಒಂದಕ್ಕೆ ಹೆಚ್ಚು ಬೆಲೆ, ಆದರೆ ಸುಮಾರು 12 ವಾರಕ್ಕೊಮ್ಮೆ. ವರ್ಷಕ್ಕೆ ನಾಲ್ಕೈದು ಸಾಕು. ಬನಹಟ್ಟಿಯ ಮಗ್ಗದಲ್ಲಿ ದುಡಿಯುವ ಒಬ್ಬರು ಪ್ರತಿ ಇಂಜೆಕ್ಷನ್ನಿಗೂ ಬಾಗಲಕೋಟೆಗೆ ಹೋಗುತ್ತಾರೆ ಎಂದುಕೊಳ್ಳೋಣ. ಅಗ್ಗದ ಇಂಜೆಕ್ಷನ್ನಿಗೆ ಅವರು 17 ದಿನದ ಕೂಲಿಯನ್ನು ಸೇರಿಸಿ ಕೊಡುತ್ತಿದ್ದಾರೆ. ಅದೇ ಇಂಜೆಕ್ಷನ್ನನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಹಾಕಿಕೊಟ್ಟರೆ ಲೆಕ್ಕ ತಲೆಕೆಳಗು, ಎನಾಂಥೇಟೇ ಲಾಭ. ಆದ್ದರಿಂದ ದೊಡ್ಡ ಆಸ್ಪತ್ರೆಯ ವೈದ್ಯರಿಂದ ಚೀಟಿಯಲ್ಲಿ ಒಂದು ಸಾಲು ಬರೆಸಿಕೊಂಡು ಬರಬೇಕು: ಯಾವ ಔಷಧ, ಎಷ್ಟು, ಎಷ್ಟು ವಾರಕ್ಕೊಮ್ಮೆ, ಸ್ಥಳೀಯ ಆರೋಗ್ಯ ಕೇಂದ್ರದಲ್ಲೇ ಹಾಕಬಹುದು ಎಂದು. ಆ ಸಾಲಿಲ್ಲದೆ ನರ್ಸ್ ಹಿಂಜರಿದರೆ ತಪ್ಪು ಅವರದಲ್ಲ. ಪ್ರತಿ ಸಲ ಹೊಸ ಸಿರಿಂಜ್, ಹೊಸ ಸೂಜಿ.

ಟೆಸ್ಟೊಸ್ಟಿರಾನ್ ಬಗ್ಗೆ ಇನ್ನೆರಡು ಮಾತು. ಮುಟ್ಟು ಕೆಲವು ತಿಂಗಳಲ್ಲಿ ನಿಲ್ಲಬಹುದು, ಹಾಗೆಂದು ಬಸಿರಾಗುವ ಸಾಧ್ಯತೆ ಹೋಗುವುದಿಲ್ಲ, ಅದು ಗರ್ಭನಿರೋಧಕವಲ್ಲ. ಒಡೆದ ದನಿ, ಬಂದ ಗಡ್ಡ ಚಿಕಿತ್ಸೆ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ. ಎರಡೂ ಬಗೆಯ ಚಿಕಿತ್ಸೆಯಲ್ಲಿ ಮುಂದೆ ಮಕ್ಕಳಾಗುವ ಶಕ್ತಿ ಶಾಶ್ವತವಾಗಿ ಕುಂದಬಹುದು, ಆ ಮಾತನ್ನು ವೈದ್ಯರ ಜೊತೆ ಮೊದಲೇ ಆಡಿಬಿಡಬೇಕು.

ನಿರ್ವಾಣ, ಅಂದರೆ ವೃಷಣ ತೆಗೆಸುವ ಶಸ್ತ್ರಚಿಕಿತ್ಸೆ, ಆದವರ ಲೆಕ್ಕ ಬೇರೆ. ವೃಷಣ ತೆಗೆದ ಮೇಲೆ ಗಂಡು ಹಾರ್ಮೋನನ್ನು ತಗ್ಗಿಸುವ ಸ್ಪಿರೊನೊಲ್ಯಾಕ್ಟೋನ್ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಭ್ಯಾಸಬಲದಿಂದ ಅದನ್ನು ಕೊಳ್ಳುತ್ತಲೇ ಇರುವವರು ವೈದ್ಯರನ್ನು ಕೇಳಿ ನಿಲ್ಲಿಸಿದರೆ ತಿಂಗಳ ಖರ್ಚು ಇಳಿಯುತ್ತದೆ. ಆದರೆ ಎಸ್ಟ್ರಡಯಾಲನ್ನೂ ಬಿಟ್ಟುಬಿಟ್ಟರೆ ದೇಹದಲ್ಲಿ ಯಾವ ಲಿಂಗದ ಹಾರ್ಮೋನೂ ಸಾಕಷ್ಟು ಇರುವುದಿಲ್ಲ, ವರ್ಷಗಳು ಕಳೆದಂತೆ ಮೂಳೆ ಸವೆಯುತ್ತದೆ. ಹಣ ಸಾಲದ ತಿಂಗಳು ಯಾವುದನ್ನು ಬಿಟ್ಟರೂ ಎಸ್ಟ್ರಡಯಾಲ್ ಬಿಡಬಾರದು.

ಎಲ್ಲರಿಗೂ ಹಾರ್ಮೋನ್ ಬೇಕೇ ಬೇಕು ಎಂದೇನೂ ಇಲ್ಲ. ಸವದತ್ತಿ ಯಲ್ಲಮ್ಮನ ಭಕ್ತಿಯ ದಾರಿಯಲ್ಲಿ ಬಂದ ಜೋಗಪ್ಪಂದಿರಲ್ಲಿ ಹಲವರು ಗುಳಿಗೆ, ಕತ್ತರಿ ಯಾವುದನ್ನೂ ಮುಟ್ಟದೆ ಸೀರೆಯುಟ್ಟು ಬಾಳಿದವರು. ಜೋಗತಿ ನೃತ್ಯದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಯಾರೂ ಅವರ ರಕ್ತದ ವರದಿ ಕೇಳಲಿಲ್ಲ. ಬೇಕೆನ್ನುವವರಿಗೆ ಸಿಗಬೇಕು, ಬೇಡವೆನ್ನುವವರನ್ನು ಸಮುದಾಯವೇ ದೂಡಬಾರದು.

ಸರ್ಕಾರದಿಂದ ಏನು ಸಿಗುತ್ತದೆ? 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ನಾಲ್ಸಾ ತೀರ್ಪಿನ ನಂತರ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 15ನೇ ಕಲಮು, ಹಾರ್ಮೋನ್ ಚಿಕಿತ್ಸೆ ಸೇರಿದಂತೆ ವೈದ್ಯಕೀಯ ಸೌಲಭ್ಯವನ್ನೂ ವಿಮೆಯನ್ನೂ ಒದಗಿಸುವುದು ಸರ್ಕಾರದ ಹೊಣೆ ಎಂದಿತು. 2022ರ ಆಗಸ್ಟ್ 24ರಂದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೂ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೂ ಒಪ್ಪಂದ ಮಾಡಿಕೊಂಡು, ಗುರುತಿನ ಪ್ರಮಾಣಪತ್ರ ಇರುವವರಿಗೆ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಘೋಷಿಸಿದವು. ಕಾಗದದ ಮೇಲೆ ಚೆನ್ನಾಗಿದೆ. ವ್ಯವಹಾರದಲ್ಲಿ, ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಾಗಿ ಹೊಲಿದ ಅಂಗಿ. ತಿಂಗಳ ಗುಳಿಗೆ ತರಲು ಮೆಡಿಕಲ್ ಅಂಗಡಿಗೆ ಅದನ್ನು ಹಿಡಿದು ಹೋದರೆ ನಡೆಯದು. ಶಸ್ತ್ರಚಿಕಿತ್ಸೆಗೆ ಅದು ಬೇಕಾಗುತ್ತದೆ, ಆದ್ದರಿಂದ ಗ್ರಾಮ ಒನ್‌ನಲ್ಲಿ ಮಾಡಿಸಿ ಇಟ್ಟುಕೊಳ್ಳಬೇಕು. ಯಾವ ಆಸ್ಪತ್ರೆಯಲ್ಲಿ ಯಾವುದಕ್ಕೆ ನಡೆಯುತ್ತದೆಂದು ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನೋ 14555ನ್ನೋ ಕೇಳಬಹುದು. ತಮಿಳುನಾಡು 2008ರಲ್ಲೇ ಟ್ರಾನ್ಸ್‌ಜೆಂಡರ್ ಕಲ್ಯಾಣ ಮಂಡಳಿ ರಚಿಸಿ ಸರ್ಕಾರಿ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿತು. 2017ರಲ್ಲಿ ನೀತಿ ರೂಪಿಸಿದ ಕರ್ನಾಟಕ, ಬಾಗಲಕೋಟೆಯಂಥ ಜಿಲ್ಲೆಯ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನದ ಹಾರ್ಮೋನ್ ಕ್ಲಿನಿಕ್ ನಡೆಸಿ ಎಸ್ಟ್ರಡಯಾಲ್ ಪುಕ್ಕಟೆ ಕೊಟ್ಟರೆ ಈ ಲೇಖನದ ಅರ್ಧ ಭಾಗ ಅನಗತ್ಯವಾಗುತ್ತಿತ್ತು.

ಆ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. 2020ರ ನವೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು. ಈ ಕಾನೂನಿನ ಸುತ್ತ ತಿದ್ದುಪಡಿ, ವಾದ-ವಿವಾದ ನಿಂತಿಲ್ಲವಾದ್ದರಿಂದ, ಅರ್ಜಿ ಹಾಕುವ ದಿನ ಯಾವ ದಾಖಲೆ ಬೇಕೆಂದು ನವನಗರದ ಜಿಲ್ಲಾಡಳಿತ ಭವನದಲ್ಲೇ ಕೇಳಿ ಬರೆದುಕೊಳ್ಳುವುದು ಕ್ಷೇಮ. ಕಚೇರಿಯಲ್ಲಿ ಒಂದು ಜೆರಾಕ್ಸ್ ಕಡಿಮೆ ಬಿದ್ದರೂ ಒಂದು ದಿನ ಹೋಯಿತೆಂದೇ ಲೆಕ್ಕ. ಅರ್ಜಿ, ಅಫಿಡವಿಟ್ ಬರೆಯಲು ನೆರವು ಬೇಕಿದ್ದರೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಚಿಕಿತ್ಸೆ ನಿರಾಕರಿಸುವುದು, ಅರ್ಧಕ್ಕೆ ನಿಲ್ಲಿಸುವುದು ತಾರತಮ್ಯ ಎಂದು ಅದೇ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಪಾಳಿಯಲ್ಲಿ ಯಾರಾದರೂ ಗದರಿದರೆ ಇದು ನೆನಪಿರಲಿ.

ತಿಂಗಳ ಗುಳಿಗೆಗೆ ನಿಜವಾಗಿ ಒದಗುವ ದುಡ್ಡು ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಯೋಜನೆಯ ಮಾಸಾಶನ. 2024ರ ಫೆಬ್ರುವರಿಯ ಬಜೆಟ್‌ನಲ್ಲಿ ಅದನ್ನು 800ರಿಂದ 1,200 ರೂಪಾಯಿಗೆ ಏರಿಸಲಾಯಿತು. ದೊಡ್ಡ ಮೊತ್ತವಲ್ಲ, ಆದರೆ ಬ್ಯಾಂಕಿಗೆ ಬರುವ ಆ ಹಣವನ್ನು ಔಷಧಕ್ಕೆಂದೇ ಎತ್ತಿಟ್ಟರೆ ಕೂಲಿ ಬಾರದ ತಿಂಗಳಲ್ಲೂ ಚಿಕಿತ್ಸೆ ತಪ್ಪದು. ಅರ್ಜಿ ನಾಡಕಚೇರಿಯಲ್ಲಿ. ಸ್ವಂತ ಉದ್ಯೋಗದ ನೆರವಿಗೆ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆಯೂ ಇದೆ; ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಬೇಕು. ಮೀಟರ್ ಬಡ್ಡಿ ಸಾಲ ತಂದು ಶಸ್ತ್ರಚಿಕಿತ್ಸೆಗೆ ಓಡುವುದಕ್ಕಿಂತ ಇದು ನಿಧಾನದ ದಾರಿ, ಆದರೆ ಸಾಲದ ಹೊರೆಯಿಲ್ಲ.

ಬಾಗಲಕೋಟೆ ಜಿಲ್ಲೆಗೆ ಇನ್ನೊಂದು ಅನುಭವ ಇದೆ. ಎರಡು ದಶಕದ ಹಿಂದೆ ಎಚ್‌ಐವಿ ಇಲ್ಲಿ ಹಳ್ಳಿಗಳಿಗೂ ಹಬ್ಬಿತ್ತು. ಭಾರತ-ಕೆನಡಾ ಸಹಯೋಗದ ಯೋಜನೆ ಹಳ್ಳಿಹಳ್ಳಿಗೆ ಹೋಗಿ ಕೆಲಸ ಮಾಡಿತು. ಆ ಕಾಲದಲ್ಲಿ ಬೇರೂರಿದ ಆಪ್ತಸಮಾಲೋಚನಾ ಕೇಂದ್ರಗಳು ಈಗಲೂ ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಹೆಸರು ಗುಟ್ಟಾಗಿಟ್ಟು ಮಾತಾಡಿ ಅಭ್ಯಾಸವಿರುವ ಅಲ್ಲಿನ ಆಪ್ತಸಮಾಲೋಚಕರು, ಯಾವ ವೈದ್ಯರ ಬಳಿ ಹೋಗಬೇಕೆಂಬ ಮೊದಲ ಪ್ರಶ್ನೆಗೆ ಒಳ್ಳೆಯ ಬಾಗಿಲು. ಎಚ್‌ಐವಿ ಗುಳಿಗೆ ತೆಗೆದುಕೊಳ್ಳುತ್ತಿರುವವರೂ ಹಾರ್ಮೋನ್ ಪಡೆಯಬಹುದು. ಈಗ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್ ಎಸ್ಟ್ರಡಯಾಲ್ ಜೊತೆ ಜಗಳವಾಡುವುದಿಲ್ಲ, ಹಳೆಯ ಎಫಾವಿರೆಂಜ್ ಮಾತ್ರ ಅದರ ಮಟ್ಟ ಇಳಿಸಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಹಾರ್ಮೋನಿನ ಬಲ ತಗ್ಗಿಸುತ್ತದೆ. ಎರಡೂ ಕಡೆಯ ವೈದ್ಯರಿಗೆ ಎರಡೂ ಚೀಟಿ ತೋರಿಸಬೇಕು. ಹೊರದೇಶದ ಹಣ ನಂಬಿದ ಸೇವೆಗಳ ಗತಿಯನ್ನೂ ಇಲ್ಲೇ ಹೇಳಬೇಕು: 2021ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಟ್ರಾನ್ಸ್‌ಜೆಂಡರ್ ಸಮುದಾಯದವರೇ ನಡೆಸುತ್ತಿದ್ದ ಮಿತ್ರ್ ಕ್ಲಿನಿಕ್, ಅಮೆರಿಕದ ನೆರವು ನಿಂತೊಡನೆ 2025ರಲ್ಲಿ ಬಾಗಿಲು ಹಾಕಬೇಕಾಯಿತು. ಬೀಳಗಿಯ ಬಡವರಿಗೆ ಕೊನೆಗೆ ಉಳಿಯುವುದು ಸರ್ಕಾರಿ ದವಾಖಾನೆಯೇ.

ಚಿಕಿತ್ಸೆಯಲ್ಲಿರುವಾಗ ಒಂದೇ ಕಾಲು ಊದಿಕೊಂಡು ನೋಯುವುದು, ದಿಢೀರ್ ಎದೆನೋವು, ಏದುಸಿರು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ, ಹಾರ್ಮೋನ್ ತೆಗೆದುಕೊಳ್ಳುತ್ತಿರುವುದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಮೊದಲ ಸಲ ಬಾಗಲಕೋಟೆಗೆ ಹೊರಡುವವರು ಆಧಾರ್, ರೇಷನ್ ಕಾರ್ಡು, ಹಳೆಯ ಚೀಟಿಗಳ ಜೊತೆಗೆ ಇಷ್ಟು ದಿನ ನುಂಗಿದ ಗುಳಿಗೆಗಳ ಖಾಲಿ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಂಗಡಿಯಲ್ಲಿ ತಾವೇ ಕೇಳಿ ತಂದದ್ದಾದರೂ, ಗೆಳತಿ ಕೊಟ್ಟದ್ದಾದರೂ ವೈದ್ಯರೆದುರು ಮುಚ್ಚಿಡಬೇಡಿ.